ಯಾರ ಹೆಸರಿನ ಮ್ಯಾಲ ಐತಿ?

ಮೊನ್ನೆ ನನ್ನ ಲ್ಯಾಪ್‌ಟಾಪಿಗೆ ಕನ್ನಡ ಟೈಪ್ ಮಾಡುವ ಒಂದು ಸಾಫ್ಟ್‌ವೇರ್ ಹಾಕಲು ಕೂತೆ. ಮೂರು ಸಲ ಹಾಕಿದೆ. ಮೂರು ಸಲವೂ ಅರ್ಧಕ್ಕೆ ನಿಂತು, ಇದನ್ನು ಇನ್‌ಸ್ಟಾಲ್ ಮಾಡಲು ನಿಮಗೆ ಪರ್ಮಿಶನ್ ಇಲ್ಲ, ಅಡ್ಮಿನಿಸ್ಟ್ರೇಟರನ್ನು ಕೇಳಿ ಎಂದು ಬಂತು. ನನ್ನ ಮನೆ, ನನ್ನ ಮೇಜು, ನನ್ನ ಮಷೀನು, ಪರ್ಮಿಶನ್ ಮಾತ್ರ ನನಗಿಲ್ಲ! ಮೇಲಿನ ಮನೆಯ ಕಂಪ್ಯೂಟರ್ ಟೀಚರನ್ನು ಕರೆದೆ. ಪಾಪ, ಆಕೆ ಇಂಟರ್ನೆಟ್ ನೋಡಿದಳು, ಜಾಗ ಸಾಕಷ್ಟಿದೆಯೇ ನೋಡಿದಳು, ಫೈಲನ್ನು ಮತ್ತೆ ಇಳಿಸಿಕೊಂಡಳು. ಕೊನೆಗೆ, "ವೈರಸ್ ಇರಬೇಕು ಆಂಟಿ" ಎಂದಳು.

"ಈ ಮಷೀನು ಯಾರ ಹೆಸರಿನ ಮೇಲೆ ಇದೆ, ಅದನ್ನು ಮೊದಲು ನೋಡು" ಎಂದೆ.

ನೋಡಿದಳು. ಅದು ನನ್ನ ಅಕ್ಕನ ಮಗಳು ಬಳಸಿ ಕೊಟ್ಟದ್ದು. ಒಳಗಿನ ಯಜಮಾನಿಕೆಯೆಲ್ಲ ಇನ್ನೂ ಅವಳ ಹೆಸರಿನಲ್ಲೇ ಇತ್ತು, ನನ್ನ ಅಕೌಂಟು ಬರೇ ಗೆಸ್ಟ್. ಅವಳಿಗೆ ಫೋನ್ ಮಾಡಿ ಪಾಸ್‌ವರ್ಡ್ ತೆಗೆದುಕೊಂಡದ್ದೇ ತಡ, ಎರಡು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಟೀಚರಮ್ಮ ಕಣ್ಣರಳಿಸಿ, "ಆಂಟಿ, ನಿಮಗೆ ಇದೆಲ್ಲ ಹೇಗೆ ಗೊತ್ತು?" ಎಂದಳು. ಐವತ್ತು ವರ್ಷದ ಹಿಂದೆ ಒಬ್ಬರು ಕಲಿಸಿದ್ದರು ಎಂದೆ. ಆ ಒಬ್ಬರು ತಾಳಿಕೋಟೆಯ ತಮ್ಮ ಮನೆಯಲ್ಲಿ ತೀರಿಕೊಂಡ ಸುದ್ದಿ ಬಂದು ಆಗ ನಾಲ್ಕೇ ದಿನವಾಗಿತ್ತು. ತೊಂಬತ್ತು ದಾಟಿತ್ತಂತೆ.

ಅವರು ಟೆಲಿಫೋನ್ ಮೆಕ್ಯಾನಿಕ್. ಹೆಸರು ಬರೆಯುವುದಿಲ್ಲ. ಜನ 'ಫೋನ್ ಸಾಹೇಬ್ರು' ಎನ್ನುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕು ತಾಲೂಕಿಗೂ ತಿರುಗುವವರು ಅವರೊಬ್ಬರೇ. ಬಸ್ಸಿನ ಟಾಪಿನ ಮೇಲೆ ಸೈಕಲ್ ಕಟ್ಟಿಸಿಕೊಂಡು ಬರುವರು. ಹೆಗಲಿಗೆ ಕ್ಯಾನ್ವಾಸ್ ಚೀಲ, ಕಿವಿಯ ಹಿಂದೆ ಸಣ್ಣ ಪೆನ್ಸಿಲ್, ಬಿಸಿಲಿಗೆ ಕರ್ರಗಾದ ಮುಖದಲ್ಲಿ ಅಷ್ಟೇ ತಿಳಿಯಾದ ಕಣ್ಣು. ನಾನು ಆಗಷ್ಟೇ ಬೆಳಗಾವಿಯ ಕಾನ್ವೆಂಟಿನಿಂದ ಹೊರಬಿದ್ದು, ಇಂಗ್ಲಿಷ್ ಚೆನ್ನಾಗಿ ಬರುತ್ತದೆಂಬ ಒಂದೇ ಕ್ವಾಲಿಫಿಕೇಶನ್ ಮೇಲೆ ಈ ನಾಲ್ಕೂರಲ್ಲಿ ಒಂದರ ಎಕ್ಸ್‌ಚೇಂಜಿನಲ್ಲಿ ಟೆಂಪರರಿ ಆಪರೇಟರ್ ಆಗಿ ಕೂತವಳು. ಯಾವ ಊರು ಎಂದು ಹೇಳಲಾರೆ, ಮುಂದೆ ಬರುವ ಮನೆತನದವರು ಇನ್ನೂ ಅಲ್ಲಿದ್ದಾರೆ.

ಈಗಿನವರಿಗೆ ಇಷ್ಟು ಹೇಳಬೇಕು. ಆಗ ಫೋನಿಗೆ ನಂಬರು ತಿರುಗಿಸುವ ಚಕ್ರವಿರಲಿಲ್ಲ. ಪಕ್ಕದ ಹಿಡಿಕೆ ತಿರುವಿದರೆ ನನ್ನ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ತಗಡಿನ ಬಾಗಿಲು ಟಪ್ಪೆಂದು ಬೀಳುತ್ತಿತ್ತು. ನಾನು ಅದರ ತೂತಿಗೆ ವೈರಿನ ಪ್ಲಗ್ ಚುಚ್ಚಿ "ನಂಬರ್ ಪ್ಲೀಸ್" ಎನ್ನಬೇಕು. ಊರೊಳಗಿನದಾದರೆ ಅಲ್ಲಿಂದಲ್ಲಿಗೇ ಜೋಡಿಸುವುದು. ಪರವೂರಿನದಾದರೆ ಅದು ಟ್ರಂಕ್ ಕಾಲ್. ಟಿಕೆಟ್ ಎಂಬ ಚೀಟಿಯಲ್ಲಿ ಬರೆದುಕೊಂಡು ವಿಜಾಪುರಕ್ಕೆ ಹೇಳಿ ಕಾಯಬೇಕು. ಸಾಲು ಬಿಟ್ಟು ಎಲ್ಲಕ್ಕಿಂತ ಮೊದಲು ಬೇಕೆಂದರೆ ಅದು ಲೈಟ್ನಿಂಗ್ ಕಾಲ್.

ಮಷೀನು ಕೆಟ್ಟಿದೆ ಎಂದು ಕರೆದರೆ ಬೇರೆ ಮೆಕ್ಯಾನಿಕ್‌ಗಳು ಮೊದಲು ಸ್ಕ್ರೂಡ್ರೈವರ್ ತೆಗೆಯುತ್ತಿದ್ದರು. ಇವರು ಮೊದಲು ಒಂದು ಪ್ರಶ್ನೆ ತೆಗೆಯುತ್ತಿದ್ದರು. ಇಂಡಿಯಲ್ಲಿ ಒಬ್ಬ ನಿಂಬೆಹಣ್ಣಿನ ವ್ಯಾಪಾರಿಯ ಮನೆಗೆ, ಎಷ್ಟೋ ವರ್ಷದ ಹಿಂದೆ ಅರ್ಜಿ ಹಾಕಿದ್ದ ಫೋನ್ ಕೊನೆಗೆ ಬಂತು. ಊರಿನ ಕಾಲ್ ಬರುತ್ತದೆ, ಟ್ರಂಕ್ ಸಿಗುವುದಿಲ್ಲ. ಇಬ್ಬರು ಬಂದು ವೈರು ಬದಲಿಸಿದ್ದರು, ಬ್ಯಾಟರಿ ಬದಲಿಸಿದ್ದರು, ಅರ್ಥ್ ಸರಳಿಗೆ ಎರಡು ಕೊಡ ನೀರು ಹೊಯ್ದಿದ್ದರು. ಇವರು ಹೋಗಿ ಹೊಸ್ತಿಲಲ್ಲಿ ನಿಂತು, "ಒಳಗ ಬರಲೇನ್ರಿ?" ಎಂದು ಕೇಳಿ, ಬಂದು, "ಯಾರ ಹೆಸರಿನ ಮ್ಯಾಲ ಐತ್ರಿ ಫೋನು?" ಎಂದರು.

"ನಮ್ಮಪ್ಪನ ಹೆಸರಿನ ಮ್ಯಾಲ."

"ಅವರೆಲ್ಲಿ ಅದಾರ?"

"ಹೋಗಿ ಎರಡ ವರ್ಷಾತಲ್ರೀ ಸಾಹೇಬ್ರ."

"ಹಂಗಾರ ನೀವು ಸತ್ತವರ ಬಾಯಿಲೆ ಮುಂಬೈಗೆ ಮಾತಾಡ್ತೇನಿ ಅಂತೀರಿ! ಮಷೀನ ಚಲೋ ಐತ್ರಿ. ಅದಕ್ಕ ಹುಕುಂ ಇಲ್ಲ, ಅಷ್ಟ. ಮೊದಲ ಹೆಸರು ಬದಲಿ ಮಾಡಸ್ರಿ."

ಚೀಲ ಬಿಚ್ಚದೆಯೇ ಎದ್ದು ಬಂದಿದ್ದರು. ನಮ್ಮ ಎಕ್ಸ್‌ಚೇಂಜಿನಲ್ಲಿ ಅದನ್ನು ಹೇಳಿ, "ಅವ್ವಾ, ಅರ್ಧ ರೋಗ ತಂತ್ಯಾಗ ಇರೂದಿಲ್ಲ, ಕಾರ್ಡಿನ್ಯಾಗ ಇರ್ತಾವು" ಎಂದು ನಕ್ಕರು. ಪ್ರತಿ ನಂಬರಿಗೂ ನಮ್ಮ ಹತ್ತಿರ ಒಂದು ಕಾರ್ಡು, ಈ ನಂಬರಿನವರಿಗೆ ಏನೇನು ಕೊಡಬಹುದು, ಏನು ಕೊಡಬಾರದು ಎಂದು. ಆ ಕಾರ್ಡುಗಳನ್ನು ಆಪರೇಟರ್ ಮಾತ್ರ ನೋಡಬೇಕು. ಪೆಟ್ಟಿಗೆ ತೆರೆದಿದ್ದರೆ ಅವರು ಗೋಡೆಯ ಕಡೆ ಮುಖ ತಿರುಗಿಸಿ ಕೂರುತ್ತಿದ್ದರು, ಬಟ್ಟೆ ಬದಲಿಸುವ ಕೋಣೆಗೆ ತಪ್ಪಿ ಬಂದವರ ಹಾಗೆ.

ಎಲ್ಲಕ್ಕೂ ಪರ್ಮಿಶನ್ ಕೇಳುವ ಮನುಷ್ಯ. ಕುರ್ಚಿಗೆ, ನೀರಿಗೆ, ಕಿಟಕಿ ತೆರೆಯಲಿಕ್ಕೆ. ಸಿಂದಗಿ ಬಸ್ ಸ್ಟ್ಯಾಂಡಿನ ಹೋಟೆಲಿನವನು ಒಮ್ಮೆ ಎಲ್ಲರೆದುರಿಗೆ, "ಏನ್ ಸಾಹೇಬ, ಉಸರಾಡಾಕರೆ ಪರವಾನಗಿ ತಗೊಂಡೀಯೋ ಇಲ್ಲೋ?" ಎಂದನಂತೆ. ಇವರು ಬಸಿಯಿಂದ ಚಹಾ ಹೀರಿ, "ಅದನ್ನ ಮುಂಜಾನೆ ನಮಾಜಿನ್ಯಾಗ ತಗೊಂಡ ಬಂದೇನ್ರಿ, ಇವತ್ತಿನ ಮಟ್ಟಿಗೆ ಐತಿ" ಎಂದರಂತೆ.

ನಾನೂ ಅದನ್ನು ಅತಿ ವಿನಯ ಎಂದುಕೊಂಡಿದ್ದೆ, ಟೂ ಮಚ್ ಎಂದುಕೊಂಡಿದ್ದೆ. ಅದು ವಿನಯವಲ್ಲ, ಭಯ ಎಂದು ಗೊತ್ತಾದದ್ದು ಒಂದು ಮೋಡದ ಮಧ್ಯಾಹ್ನ. ನನ್ನ ಬೋರ್ಡಿನಲ್ಲಿ ಯಾವುದೋ ಲೈನು ಸತ್ತಿತ್ತು. ರಿಂಗ್ ಕಳಿಸಿ ನೋಡೋಣವೆಂದು ಹಿಡಿಕೆಗೆ ಕೈ ಹಾಕಿದೆ. ಅವರು ಕುರ್ಚಿ ಬೀಳುವಂತೆ ಎದ್ದು ನನ್ನ ಮಣಿಕಟ್ಟು ಹಿಡಿದುಬಿಟ್ಟರು. ಮರುಗಳಿಗೆ ತಾವೇ ಬೆಂಕಿ ಮುಟ್ಟಿದವರ ಹಾಗೆ ಬಿಟ್ಟರು.

"ತಪ್ಪಾತವಾ, ತಪ್ಪಾತು. ಕಂಬದ ಮ್ಯಾಲ ಯಾರರೆ ಅದಾರೇನು ಅಂತ ಕೇಳದ ತಿರುವಬ್ಯಾಡ."

ಆಮೇಲೆ ಹೇಳಿದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದ ಕಾಲ. ನಾಲತವಾಡದ ದಾರಿಯಲ್ಲಿ ಜೊತೆಗಾರನೊಬ್ಬ ಕಂಬ ಹತ್ತಿದ್ದ. ಇವರು ಈ ಕಡೆ, ಅವನು ಇಳಿದಿರಬೇಕೆಂದುಕೊಂಡು, ಯಾರನ್ನೂ ಕೇಳದೆ ಹಿಡಿಕೆ ತಿರುವಿದರು. ರಿಂಗಿನ ಕರೆಂಟು ಸಣ್ಣದು, ಕೊಲ್ಲುವುದಿಲ್ಲ. ಆದರೆ ಬರಿಗೈಯಲ್ಲಿ ತಂತಿ ಹಿಡಿದವನು ಬೆಚ್ಚಿ ಕೈಬಿಟ್ಟ. "ಬಿದ್ದಾಂವ ಮತ್ತ ಎದ್ದ ನಿಲ್ಲಲಿಲ್ಲ. ಮೂರ ವರ್ಷ ಹಾಸಗ್ಯಾಗ ಇದ್ದ. ನಾ ಹ್ವಾದಾಗೊಮ್ಮೆ, ನೀ ಕೇಳಬೇಕಾಗಿತ್ತಲೇ, ಅಂತಿದ್ದ. ಬೈತಿದ್ದಿಲ್ಲ. ಬರೇ ಅಷ್ಟ ಅಂತಿದ್ದ."

ಹೊರಗೆ ಗುಡುಗು ಶುರುವಾಗಿತ್ತು. ಅವರು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದರು.

ನನಗೂ ನನ್ನ ಭಯವಿತ್ತು. ಇಂಡಿ ರೋಡ್ ಸ್ಟೇಷನ್ನಿನಲ್ಲಿ ಕ್ಲಾರ್ಕ್ ಆಗಿದ್ದ ಅಪ್ಪ ಹೋಗಿಬಿಟ್ಟಿದ್ದರು. ಅಮ್ಮ, ನಾನು, ಈ ಟೆಂಪರರಿ ಕುರ್ಚಿ. ಈ ಕುರ್ಚಿಯಲ್ಲಿ ನನಗಿಂತ ಮೊದಲಿದ್ದವಳನ್ನು ಮನೆಗೆ ಕಳಿಸಿದ್ದರು. ಕಾರಣ, ಊರಿನ ಹತ್ತಿ ಸಾಹುಕಾರರ ಫೋನು. ಸಾಹುಕಾರರು ಇಲ್ಲದಾಗ ಅವರ ತಮ್ಮನ ಮಗ ಸೊಲ್ಲಾಪುರದ ಗೆಳೆಯರೊಡನೆ ದಿನಾ ಟ್ರಂಕಿನಲ್ಲಿ ಹರಟೆ ಹೊಡೆಯುತ್ತಿದ್ದ. ಆಕೆ ಪಾಪ, ಮನೆಯವನೇ ಅಲ್ಲವೇ ಎಂದು ಕೊಟ್ಟಿದ್ದಳು. ಸಾಹುಕಾರರು ದೂರು ಬರೆದರು. ಅಷ್ಟಕ್ಕೇ ಬಿಡದೆ ತಮ್ಮ ನಂಬರಿಗೆ ಒಂದು ಬೀಗವನ್ನೂ ಹಾಕಿಸಿದರು, ಗುರುತಿನ ಮಾತಿನ ಬೀಗ. ಆ ಮಾತು ಹೇಳದೆ ಟ್ರಂಕ್ ಕೊಡಬಾರದು. ಅದೂ ಸಾಹುಕಾರರು ಇಲ್ಲವೆ ಅವರ ಹೆಂಡತಿ, ಇಬ್ಬರ ದನಿಯಲ್ಲಿ ಮಾತ್ರ. ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು.

ಆ ಗುರುತಿನ ಮಾತು ಏನು ಗೊತ್ತೇ? ಸಾಹುಕಾರರ ಸ್ವಂತ ಹೆಸರು! ಅಂಗಡಿಯ ಬೋರ್ಡಿನ ಮೇಲೆ ಗೇಣುದ್ದದ ಅಕ್ಷರದಲ್ಲಿ ಬರೆದಿದ್ದ ಹೆಸರು. ಅವರ ಲೆಕ್ಕಾಚಾರ ಬಹಳ ಕ್ಲೆವರ್. ಅಷ್ಟು ಬಯಲಿಗಿರುವುದು ಗುರುತಿನ ಮಾತು ಎಂದು ಯಾರಿಗೂ ಹೊಳೆಯುವುದಿಲ್ಲ. ಹೆಂಡತಿಗೆ ಹೇಳಿದರೂ ಆಕೆಯ ಬಾಯಿಂದ ಯಾರೂ ಹೊರಡಿಸಲಾರರು, ಯಾಕೆಂದರೆ ನಮ್ಮ ಕಡೆ ಹೆಂಗಸು ಗಂಡನ ಹೆಸರು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ. ಬೀಗ ಹಾಕುವಾಗ, ಅದನ್ನು ಆಕೆಯೇ ತೆರೆಯಬೇಕಾದ ದಿನ ಬಂದೀತು ಎಂದು ಸಾಹುಕಾರರು ಯೋಚಿಸಲಿಲ್ಲ.

ಬಂತು. ಸಾಹುಕಾರರಿಗೆ ಎರಡು ದಿನದಿಂದ ಹೊಟ್ಟೆನೋವು. ಮಲಗುವ ಕೋಣೆಗೇ ಇನ್ನೊಂದು ಫೋನ್ ಬೇಕೆಂದಿದ್ದರಿಂದ ಆ ದಿನ ನಮ್ಮ ಸಾಹೇಬರು ಅದನ್ನು ಕೂರಿಸಲು ಹೋಗಿದ್ದರು. ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಸಾಹುಕಾರರ ನಂಬರಿನ ತಗಡು ಬಿತ್ತು. ಮನೆಗೆ ಬಂದಿದ್ದ ಡಾಕ್ಟರು ಮಾತಾಡಿದರು. ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿದೆ, ಒಳಗೆ ಏನೋ ಒಡೆದಿದೆ, ಇವತ್ತೇ ಆಪರೇಶನ್ ಆಗಬೇಕು. ವಿಜಾಪುರದಲ್ಲಿ ಮಾಡುವ ಸರ್ಜನ್ ಒಬ್ಬರೇ, ಅವರು ನಾಲ್ಕಕ್ಕೆ ಸೊಲ್ಲಾಪುರಕ್ಕೆ ಹೊರಡುವವರು. ಅವರನ್ನು ತಡೆದು ನಿಲ್ಲಿಸಬೇಕು. "ಲೈಟ್ನಿಂಗ್ ಕಾಲ್ ಕೊಡಿ, ಬೇಗ!"

ಕಾರ್ಡು ನನ್ನ ಮುಂದೆ ಇತ್ತು, ಕೆಂಪು ಶಾಯಿ.

"ಸಾರಿ ಡಾಕ್ಟರ್, ಈ ನಂಬರಿನಿಂದ ಕೊಡಲಾರೆ. ಪೋಸ್ಟಾಫೀಸಿನ ಕೌಂಟರಿಗೆ ಬಂದು ಮಾತಾಡಿ, ಕೂಡಲೇ ಕೊಡುತ್ತೇನೆ."

"ಅಲ್ರೀ, ಇಲ್ಲಿ ನಾಡಿ ಹಿಡಕೊಂಡು ಕೂತೇನಿ! ಅವರ ಕೂಡ ನಾನ ಮಾತಾಡಬೇಕು, ಬ್ಯಾರೆದವ್ರು ಏನ್ ಹೇಳ್ತಾರ? ಬಿಟ್ಟು ಬಂದ್ರ ಈ ಮನಷ್ಯಾ ಉಳಿಯೂದಿಲ್ಲ!"

ರಿಸೀವರನ್ನು ಹಾಸಿಗೆಯ ಮೇಲೆ ಎಸೆದರೆಂದು ಕಾಣುತ್ತದೆ. ಆಮೇಲಿನದೆಲ್ಲ ನಾನು ಕಂಡದ್ದಲ್ಲ, ಹೆಡ್‌ಫೋನಿನಲ್ಲಿ ಕೇಳಿದ್ದು. ಸಾಹುಕಾರರ ನರಳಿಕೆ, ಮಾತೆಂಬುದೇ ಇಲ್ಲದೆ, ನಾಯಿಮರಿ ಕುಂಯ್ಗುಟ್ಟಿದ ಹಾಗೆ, ಅಷ್ಟು ದೊಡ್ಡ ಮನುಷ್ಯನಿಂದ. ಯಾವನೋ ಗಂಡಸಿನ ಕೂಗು, "ಈ ಸಾಬಣ್ಣ ಹೊಸಾ ಡಬ್ಬಿ ಕೂಡಿಸಿ ಇದ್ದ ಫೋನೂ ಕೆಡಿಸಿದ! ನಿನ್ನಿ ತನಕ ಚಲೋ ಇತ್ತು!" ಅದರ ನಡುವೆ ನಮ್ಮವರ ದನಿ, ಸಣ್ಣಗೆ, "ಸಬೂರ್ ಮಾಡ್ರಿ, ಬಿಚ್ಚಿ ನೋಡ್ತೇನಿ." ಹೊಸ ಪೆಟ್ಟಿಗೆಯ ತಂತಿ ಕಳಚಿ ಮತ್ತೆ ಸೇರಿಸಿದ ಸದ್ದು. ಮತ್ತೆ ನನ್ನ ತಗಡು ಬಿತ್ತು.

"ಅವ್ವಾ, ಕೇಳತೈತೇನು?"

"ಕೇಳಸ್ತದ ಸಾಹೇಬ್ರ."

"ಮಷೀನ ಚಲೋ ಐತಿ. ಕಾರ್ಡಿನ್ಯಾಗ ಏನರೆ ಐತೇನು?"

"ಇದೆ. ಏನು ಅಂತ ಹೇಳೋ ಹಾಗಿಲ್ಲ. ಐ ಕಾಂಟ್. ಸಾಹುಕಾರ್ರು ಇಲ್ಲಾ ಅಕ್ಕಾವರು ಒಂದು ಮಾತು ಹೇಳಬೇಕು. ಅಕ್ಕಾವರಿಗೆ ಗೊತ್ತಿದೆ ಅಂತ ಬರೆದಿದೆ." ಇಷ್ಟು ಹೇಳಿದ್ದೇ ಹೆಚ್ಚಾಯಿತೇನೋ ಎಂದು ಹೆದರಿದೆ. ಅವರು ಹೇಳು ಎಂದು ಒತ್ತಾಯಿಸಲಿಲ್ಲ. ಸಾಹುಕಾರರ ಹೆಂಡತಿಯ ಕಡೆ ತಿರುಗಿ, ಅತ್ತಿಗೆಯನ್ನು ಕರೆಯುವ ಹಾಗೆ ಕರೆದು ಕೇಳಿದರು.

"ವೈನಿ, ಸಾಹುಕಾರ್ರು ನಿಮಗ ಏನರೆ ಮಾತು ಹೇಳಿ ಇಟ್ಟಾರೇನು, ಫೋನಿಂದು?"

ಆಕೆಯ ದನಿ ಆವರೆಗೆ ಕೇಳಿರಲೇ ಇಲ್ಲ. ಈಗ ಬಂತು. "ಹೇಳ್ಯಾರ್ರಿ... ಅದನ್ನ ನಾ ಹೆಂಗ ಅನ್ಲೆಪಾ? ಹೆಂಗ ಅನ್ಲಿ? ಅವರು ಹಿಂಗ ಬಿದ್ದಾರ, ಇಂಥಾದ್ರಾಗ ನಾ ಅದನ್ನ ಅಂದ್ರ..." ಮುಂದೆ ಬರೇ ಅಳು.

ಮೂರೂ ಮುಕ್ಕಾಲಾಗಿತ್ತು. ನಾನು ಪ್ಲಗ್ ಹಿಡಿದು ಕೂತಿದ್ದೆ. ಚುಚ್ಚಿದರೆ ವಿಜಾಪುರ. ಅರ್ಧ ಅಡಿ ದೂರ. ನನ್ನ ಕೈ ಚುಚ್ಚಲಿಲ್ಲ. ಈ ವಾಕ್ಯವನ್ನು ಬರೆಯಲು ನನಗೆ ಐವತ್ತು ವರ್ಷ ಬೇಕಾಯಿತು.

ಅವರಿಗೆ ಅರ್ಥವಾಗಿತ್ತು. "ವೈನಿ, ನಮ್ಮ ಅಮ್ಮೀನೂ ನಮ್ಮ ಅಪ್ಪನ ಹೆಸರು ಅಂತಿದ್ದಿಲ್ಲ. ರೇಶನ್ ಅಂಗಡ್ಯಾಗ ನಾ ಹೇಳತಿದ್ದೆ. ಖರೇ ಐತಿ, ಅನಬಾರದು. ಆದ್ರ ಲಗ್ನದಾಗ, ಹೊಸ್ತಿಲದಾಗ ನಿಮ್ಮ ನಾದಿನೇರು ಅಡ್ಡ ನಿಂತು ಒಳಗ ಬಿಡಲಿಲ್ಲಲ್ರಿ, ಹೆಸರು ಹೇಳು ಅಂದು? ಆವಾಗ ಏನ್ ಮಾಡಿದ್ರಿ?"

ಆಕೆ ಬಿಕ್ಕುತ್ತ, "ಒಡಪು ಕಟ್ಟಿ ಹೇಳಿದ್ನಿ" ಎಂದರು. ಗಂಡನ ಹೆಸರನ್ನು ಪದ್ಯದೊಳಗೆ ಸೇರಿಸಿ ಹೇಳುವುದಕ್ಕೆ ನಮ್ಮ ಕಡೆ ಒಡಪು ಎನ್ನುತ್ತಾರೆ.

"ಒಡಪಿನ್ಯಾಗ ಬಂದ್ರ ಅವರಿಗೆ ಏನರೆ ಆತೇನು? ಮೂವತ್ತ ವರ್ಷ ಕಲ್ಲ ಗುಂಡಿನಂಗ ಅಡ್ಡಾಡಿದ್ರು. ಇದೂ ಹೊಸ್ತಿಲಾನ ತಿಳೀರಿ. ಆ ಕಡೆ ನಿಂತಾಕಿ ನಿಮ್ಮ ನಾದಿನಿ. ಒಡಪು ಹೇಳ್ರಿ, ಬಿಡ್ತಾಳ. ನಾವೆಲ್ಲಾ ಹೊರಗ ಹೋಕ್ಕೇವಿ. ಡಾಕ್ಟರ್ರೂ ಕಿವಿ ಮುಚ್ಕೋತಾರ."

ಬಾಗಿಲು ಮುಚ್ಚಿದ ಸದ್ದು. ಉಸಿರು. ಬಳೆ ರಿಸೀವರಿಗೆ ತಾಗಿ ಕಿಣಿಕಿಣಿ ಎಂದಿತು. ಮದುವೆಯ ಹೊಸ್ತಿಲಲ್ಲಿ ನಗುತ್ತ ಹೇಳುವುದನ್ನು ಆಕೆ ಹಲ್ಲು ಕಟಕಟಿಸುತ್ತ ಹೇಳಿದರು:

"ಹತ್ತಿ ಹೊಲದಾಗ ಬೆಳ್ಳಿ, ಜ್ವಾಳದ ಹೊಲದಾಗ ಮುತ್ತಿನ ತೆನಿ, ..."

ಅಲ್ಲಿ ಹೆಸರು ಬಂತು. ಅಲ್ಲಿ ಒಂದು ಚೀರಿಕೆಯನ್ನು ನುಂಗಿದ ಸದ್ದೂ ಬಂತು.

"... ಅವರು ಇದ್ದಲ್ಲೇ ನನ್ನ ಮನಿ."

ನಾನು ಚುಚ್ಚಿದೆ. ಸರ್ಜನ್ ಕಾರು ಹತ್ತುತ್ತಿದ್ದವರು ಇಳಿದು ಬಂದರು.

ನನ್ನ ತಪ್ಪು ಇಲ್ಲಿದೆ. ಟಿಕೆಟ್ಟಿನಲ್ಲಿ 'ಗುರುತಿನ ಮಾತು ಸಿಕ್ಕಿತು' ಎಂದು ಒಂದು ರೈಟ್ ಹಾಕಿದ್ದರೆ ಸಾಕಿತ್ತು. ನಾಳೆ ಯಾರಾದರೂ ಕೇಳಿದರೆ ಪ್ರೂಫ್ ಇರಲಿ ಎಂಬ ಹೆದರಿಕೆಗೆ, ಆಕೆಯ ಒಡಪನ್ನು ಹೆಸರು ಸಮೇತ ಪೂರ್ತಿ ಬರೆದುಬಿಟ್ಟೆ. ಅಷ್ಟೇ ಅಲ್ಲ. ಕಾಲ್ ಮುಗಿದ ಮೇಲೆ ಆಕೆಗೆ ಧೈರ್ಯ ಹೇಳುವವಳ ಹಾಗೆ, "ಅಕ್ಕಾ, ಎಲ್ಲ ಬರಕೊಂಡೇನಿ, ಏನೂ ತೊಂದರೆಯಿಲ್ಲ" ಎಂದೆ.

ಆಪರೇಶನ್ ಆಯಿತು. ಸಾಹುಕಾರರು ಕಣ್ಣು ತೆರೆದರು. ಐದನೆಯ ದಿನ ಗಾಯ ಕೀವಾಗಿ ಜ್ವರ ಏರಿತು. ಇಳಿಯಲೇ ಇಲ್ಲ. ಎಂಟನೆಯ ದಿನ ನಮ್ಮ ಸಾಹೇಬರು ವಿಜಾಪುರದಿಂದ ಸೀದಾ ಎಕ್ಸ್‌ಚೇಂಜಿಗೆ ಬಂದರು. ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಿದರು, ಬಂದರು, ಕೂರಲಿಲ್ಲ.

"ಸಾಹುಕಾರ್ರು ಭ್ರಮ್ಯಾಗ ಮಾತಾಡಾಕತ್ತಾರ. ವೈನಿ ಊಟ ಬಿಟ್ಟ ಮೂರ ದಿನಾತು. ಬಾಯಾಗಿಂದು ಗಾಳ್ಯಾಗ ಹೋತು, ಆದ್ರ ನನ್ನ ಬಾಯಿಲೆ ಬಂದ ಹೆಸರು ಸರಕಾರಿ ಕಾಗದದಾಗ ಕುಂತೈತಿ, ಅದು ಇರೂತನಕ ಇವರು ಏಳೂದಿಲ್ಲ, ಅಂತಾಳ."

"ನೀವು ಇದನ್ನೆಲ್ಲ ನಂಬ್ತೀರಾ?" ನನ್ನ ಕಾನ್ವೆಂಟ್ ಬಾಯಿ ಕೇಳಿತು.

"ನಾ ನಂಬೂದು ಬಿಡೂದು ಬ್ಯಾರೆ ಮಾತು. ಆಕಿಗೆ ಅನ್ರಿ ಅಂದಾಂವ ನಾನು. ಆ ಸಲ ಕೇಳದ ತಿರುವಿದ್ನಿ, ಒಬ್ಬಾಂವ ಬಿದ್ದ. ಈ ಸಲ ಎಲ್ಲಾ ಕೇಳೇ ಮಾಡೀನಿ, ಆದ್ರೂ ಇಬ್ಬರು ಬೀಳಾಕತ್ತಾರ." ಗೋಡೆಯನ್ನೇ ನೋಡುತ್ತಿದ್ದರು. "ಆ ಟಿಕೆಟ್ಟು ಕೊಡ್ತೀಯೇನವಾ? ಕೇಳಾಕ ನನಗ ಹಕ್ಕಿಲ್ಲ, ಕೊಡಾಕ ನಿನಗೂ ಹಕ್ಕಿಲ್ಲ. ಬ್ಯಾಡ ಅಂದ್ರ ಬ್ಯಾಡ, ಹೋಗತೇನಿ."

ಟಿಕೆಟ್ಟುಗಳಿಗೆ ಸರಣಿ ನಂಬರು ಇರುತ್ತಿತ್ತು. ಒಂದು ಕಡಿಮೆಯಾದರೂ ಎನ್‌ಕ್ವೈರಿ. ನನ್ನ ಕಣ್ಣ ಮುಂದೆ ಅಮ್ಮನ ಮುಖ ಬಂತು. ಅದಾದ ಮೇಲೆ ಆ ಬಳೆಯ ಸದ್ದು. ಕಟ್ಟು ಬಿಚ್ಚಿ, ಆ ಚೀಟಿ ತೆಗೆದು ಮೇಜಿನ ಮೇಲಿಟ್ಟೆ.

ಅವರು ಅದನ್ನು ಓದದೆ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಕಿವಿಯ ಹಿಂದಿನ ಪೆನ್ಸಿಲ್ ತೆಗೆಯಲು ಹೋಗಿ, ಬೇಡವೆಂದು, ನನ್ನ ಪೆನ್ನು ಕೇಳಿ ಇಸಿದುಕೊಂಡರು. ಒಂದು ಖಾಲಿ ಹಾಳೆಯ ಮೇಲೆ, ಕಷ್ಟದ ಅಕ್ಷರಗಳಲ್ಲಿ ಬರೆದರು: 'ಈ ನಂಬರಿನ ಟಿಕೆಟ್ಟನ್ನು ಆಪರೇಟರ್ ನೀರು ಕುಡಿಯಲು ಹೋದಾಗ, ಯಾರ ಅಪ್ಪಣೆ ಇಲ್ಲದೆ, ನಾನು ತೆಗೆದುಕೊಂಡಿದ್ದೇನೆ.' ಕೆಳಗೆ ಸಹಿ, ತಾರೀಖು. ತೆಗೆದ ಟಿಕೆಟ್ಟಿನ ಜಾಗದಲ್ಲಿ ಅದನ್ನಿಟ್ಟು ಕಟ್ಟು ಕಟ್ಟಿದರು.

"ನಾನು ನೀರು ಕುಡಿಯಲಿಕ್ಕೆ ಹೋಗಿಲ್ಲವಲ್ಲ" ಎಂದೆ, ದಡ್ಡಿಯ ಹಾಗೆ.

"ಹೋಗಿದ್ದಿ" ಎಂದರು.

ವೈನಿ ಆ ಚೀಟಿಯನ್ನು ಚೂರುಚೂರು ಮಾಡಿ ಬಾವಿಗೆ ಬಿಟ್ಟು ಅಂದು ರೊಟ್ಟಿ ಮುರಿದರಂತೆ. ಡಾಕ್ಟರು ಇಂಜೆಕ್ಷನ್ ಬದಲಿಸಿದ್ದೂ ಆ ದಿನವೇ. ಜ್ವರ ಇಳಿಯಿತು. ಯಾವುದರಿಂದ ಎಂದು ನಾನು ಯಾರನ್ನೂ ಕೇಳಿಲ್ಲ. ಸಾಹುಕಾರರು ಆಮೇಲೆ ಬಹಳ ವರ್ಷ ಇದ್ದರು.

ಮೂರು ತಿಂಗಳ ಮೇಲೆ ಇನ್‌ಸ್ಪೆಕ್ಷನ್ ಬಂತು. ಸಾಹೇಬರನ್ನೂ ಕರೆಸಿದ್ದರು. ಆಫೀಸರು ಟಿಕೆಟ್ಟುಗಳನ್ನು ಇಸ್ಪೀಟಿನ ಎಲೆಯಂತೆ ಸರಸರ ತಿರುವುತ್ತ ಬಂದು ಒಂದು ಕಡೆ ನಿಂತರು. ಹಾಳೆ ತೆಗೆದು ಓದಿದರು. ಯಾಕೆ ತೆಗೆದೆ ಎಂದು ಮೂರು ಸಲ ಕೇಳಿದರು. ಸಾಹೇಬರು ಮೂರು ಸಲವೂ, "ತಪ್ಪಾತ್ರಿ" ಎಂದರು, ಹೆಚ್ಚಿಗೆ ಏನೂ ಇಲ್ಲ. ಕಾರಣ ಹೇಳಿದರೆ ಆ ಹೆಂಗಸಿನ ಮಾತು ಹೇಳಬೇಕಾಗುತ್ತಿತ್ತು, ನನ್ನದನ್ನೂ. ಬರಬೇಕಿದ್ದ ಪ್ರಮೋಷನ್ ಅಲ್ಲಿಗೆ ಮುಗಿಯಿತು. ಮೆಕ್ಯಾನಿಕ್ ಆಗಿಯೇ ರಿಟೈರಾದರು.

ಆಫೀಸರು ನನ್ನ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಇದರಲ್ಲಿ ಬರೆದಿರುವುದು ನಿಜವೇ, ಆಗ ನೀವು ಸೀಟಿನಲ್ಲಿ ಇರಲಿಲ್ಲವೇ ಎಂದು ಕೇಳಿದರು. ಸಾಹೇಬರು ನೆಲ ನೋಡುತ್ತ ನಿಂತಿದ್ದರು. ನಾನು ಒಳ್ಳೆಯ ಕಾನ್ವೆಂಟ್ ಉಚ್ಚಾರದಲ್ಲಿ, "ಯೆಸ್ ಸರ್" ಎಂದೆ.

ಹೊರಗೆ ವರಾಂಡದಲ್ಲಿ ಅವರು ಸೈಕಲ್ ಹಿಡಿದು ನಿಂತಿದ್ದರು. ನಾನು ಹತ್ತಿರ ಹೋದೆ. ಮೂಲೆಯ ಮಣ್ಣಿನ ಕೊಡದ ಕಡೆ ಕೈ ತೋರಿಸಿ ಅವರೇ ಅಂದರು:

"ಹೋಗವಾ, ಈಗರೆ ಹೋಗಿ ಒಂದ ವಾಟೆ ನೀರ ಕುಡದ ಬಾ. ನಾ ಬರದಿದ್ದು ಅಷ್ಟರೆ ಖರೇ ಆಗ್ಲಿ."

ಹೋಗಿ ಕುಡಿದೆ. ಅರ್ಧ ನೀರು ಸೆರಗಿನ ಮೇಲೆ ಚೆಲ್ಲಿತು.